ನೆರೆಯ ಕಾಲದ ಸಂಪರ್ಕ: ಹವ್ಯಾಸಿ ರೇಡಿಯೊ ರಿಪೀಟರ್ ಕೆಲಸ ಮಾಡುವ ಬಗೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮುಂಗಾರು ಪೂರ್ವಸಿದ್ಧತಾ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಮುಂಗಾರಿಗೆ ಮುನ್ನ ನಾವು ಪ್ರತಿ ವರ್ಷ ಮೂರು ಕೆಲಸಗಳನ್ನು ತಪ್ಪದೆ ಮಾಡುತ್ತೇವೆ. ಚರಂಡಿಗಳ ಹೂಳು ತೆಗೆಸುತ್ತೇವೆ. ಕಾಳಜಿ ಕೇಂದ್ರಗಳಿಗಾಗಿ ಶಾಲಾ ಕಟ್ಟಡಗಳನ್ನು ಗುರುತಿಸುತ್ತೇವೆ. ಅಧಿಕಾರಿಗಳ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸುತ್ತೇವೆ. ಈ ಮೂರನೆಯ ಕೆಲಸದ ಹಿಂದೆ ಒಂದು ನಂಬಿಕೆಯಿದೆ. ಆಪತ್ತು ಬಂದ ರಾತ್ರಿಯೂ ದೂರವಾಣಿ ಕೆಲಸ ಮಾಡುತ್ತದೆ ಎಂಬುದೇ ಆ ನಂಬಿಕೆ. ಆ ನಂಬಿಕೆ ಸುಳ್ಳಾದರೆ ಏನು ಮಾಡಬೇಕು ಎಂಬುದು ಇಂದಿನ ನನ್ನ ವಿಷಯ.

ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಂದೆಡೆ ಕೂರಿಸಿ ಈ ಮಾತನ್ನು ಆಡಲು ಕಾರಣವಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮೆಲ್ಲರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ್ದಾಳೆ. ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಕೆಳಗೆ ಹರಿದ ನೀರೇ ಮುಂದೆ ನವಿಲುತೀರ್ಥದ ರೇಣುಕಾಸಾಗರವನ್ನು ಸೇರುತ್ತದೆ. ಅಲ್ಲಿ ಗೇಟುಗಳನ್ನು ತೆರೆದರೆ ಅದೇ ನೀರು ಮುನವಳ್ಳಿಯನ್ನು ಹಾದು ರಾಮದುರ್ಗದತ್ತ ಸಾಗುತ್ತದೆ. ಮೇಲಿನ ಊರಿಗೆ ಮೊದಲು ತಿಳಿಯುವ ಸುದ್ದಿಯೇ ಕೆಳಗಿನ ಊರಿಗೆ ಅತ್ಯಗತ್ಯವಾದ ಸುದ್ದಿ. 2019ರ ಆಗಸ್ಟ್ ತಿಂಗಳಿನಲ್ಲಿ ಮುನವಳ್ಳಿಗೂ ರಾಮದುರ್ಗ ಪಟ್ಟಣಕ್ಕೂ ದಂಡೆಯ ಹಲವಾರು ಗ್ರಾಮಗಳಿಗೂ ನೀರು ನುಗ್ಗಿದ್ದನ್ನು ತಾವೆಲ್ಲರೂ ಕಂಡವರು. ತಮ್ಮಲ್ಲಿ ಅನೇಕರು ಅನುಭವಿಸಿದವರು. ನೀರು ಬರುವುದಕ್ಕೆ ಮುಂಚೆ ಸುದ್ದಿ ಬಂದರೆ ದನಕರು, ಕಾಳುಕಡಿ, ಹಾಸಿಗೆ ಹಿಡಿದ ಹಿರಿಯರು, ಎಲ್ಲರೂ ಎಲ್ಲವೂ ಉಳಿಯುತ್ತವೆ. ಸುದ್ದಿ ತಡವಾದರೆ ಜೀವ ಉಳಿಸಿಕೊಳ್ಳುವುದೇ ದೊಡ್ಡದಾಗುತ್ತದೆ.

ಮೊಬೈಲ್ ಗೋಪುರವು ನೋಡಲು ಗಟ್ಟಿಯಾಗಿದ್ದರೂ ಅದರ ಜೀವ ಬೇರೆಡೆ ಇರುತ್ತದೆ. ಅದಕ್ಕೆ ವಿದ್ಯುತ್ ಬೇಕು. ವಿದ್ಯುತ್ ಹೋದರೆ ಬ್ಯಾಟರಿ ಅಥವಾ ಡೀಸೆಲ್ ಬೇಕು. ಗೋಪುರದಿಂದ ದೂರದ ಕೇಂದ್ರಕ್ಕೆ ಕೇಬಲ್ಲಿನ ಅಥವಾ ಮೈಕ್ರೋವೇವ್ ಕೊಂಡಿ ಬೇಕು. ರಸ್ತೆಯ ಮೋರಿ ಕೊಚ್ಚಿಹೋದಾಗ ಅದರ ಪಕ್ಕದ ಕೇಬಲ್ಲೂ ಹೋಗುತ್ತದೆ. ಇವೆಲ್ಲ ಸುಸ್ಥಿತಿಯಲ್ಲಿದ್ದರೂ ಜನಸಂದಣಿ ಹೆಚ್ಚಾದರೆ ಕರೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹುಡೇವಿನ ಮೇಲಿನ ಕಾವಲುಗಾರ

ನಮ್ಮ ಸೀಮೆಯ ಹಳೆಯ ಊರುಗಳಲ್ಲಿ ಇಂದಿಗೂ ಹುಡೇವುಗಳು ನಿಂತಿವೆ. ಕೆಳಗೆ ನಿಂತವರಿಗೆ ಕಾಣದ ದಾರಿ ಹುಡೇವಿನ ಮೇಲಿದ್ದವನಿಗೆ ಕಾಣುತ್ತಿತ್ತು. ಊರಿನ ಒಂದು ಬದಿಯಲ್ಲಿ ಕಂಡದ್ದನ್ನು ಆತ ಇನ್ನೊಂದು ಬದಿಗೆ ಕೂಗಿ ಹೇಳುತ್ತಿದ್ದ. ರಿಪೀಟರ್ ಎಂಬ ಯಂತ್ರ ಮಾಡುವುದೂ ಇದೇ ಕೆಲಸವನ್ನು. ಎತ್ತರದಲ್ಲಿ ನಿಂತು ಒಬ್ಬರ ದನಿಯನ್ನು ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಅದನ್ನು ಹೆಚ್ಚಿನ ಬಲದಿಂದ ಎಲ್ಲರಿಗೂ ಕೇಳಿಸುತ್ತದೆ. ಅದು ಸುದ್ದಿಯನ್ನು ಸೃಷ್ಟಿಸುವುದಿಲ್ಲ, ಸಂಗ್ರಹಿಸುವುದೂ ಇಲ್ಲ. ಕೇಳಿದ್ದನ್ನು ಕೇಳಿದಂತೆಯೇ ದಾಟಿಸುತ್ತದೆ.

ಇದರ ಅಗತ್ಯವೇಕೆ ಎಂಬುದನ್ನು ತಿಳಿಯಲು ರೇಡಿಯೊ ಅಲೆಗಳ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರವು 765 ಕಿಲೋಹರ್ಟ್ಸ್‌ನಲ್ಲಿದೆ. ಅದರ ಒಂದೊಂದು ಅಲೆಯ ಉದ್ದ ಸುಮಾರು 390 ಮೀಟರ್. ಇಷ್ಟು ಉದ್ದದ ಅಲೆ ನೆಲವನ್ನು ಅಪ್ಪಿಕೊಂಡು ಗುಡ್ಡಗಳನ್ನು ಬಳಸಿಕೊಂಡು ಬಹುದೂರ ಸಾಗುತ್ತದೆ. ಆದರೆ ಹವ್ಯಾಸಿ ರೇಡಿಯೊದವರು ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳು ನಮ್ಮ ದೇಶದಲ್ಲಿ ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅಲೆಯ ಉದ್ದ ಸುಮಾರು 2 ಮೀಟರ್ ಮಾತ್ರ. ಈ ಕಿರು ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಚಲಿಸುತ್ತವೆ. ಅಡ್ಡಲಾಗಿ ಗುಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಭೂಮಿ ದುಂಡಗಿರುವುದರಿಂದ ಬಯಲಿನಲ್ಲಿಯೂ ಒಂದು ಮಿತಿಯಿದೆ.

ಈ ಮಿತಿಯನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ನಿಂತ ಮನುಷ್ಯನ ಕೈಯಲ್ಲಿರುವ ಸೆಟ್ಟಿನ ಎತ್ತರ ಸುಮಾರು 1.5 ಮೀಟರ್, ದಿಗಂತ 5 ಕಿಲೋಮೀಟರ್. ಹೀಗೆ ಇಬ್ಬರು ಬಯಲಿನಲ್ಲಿ ನಿಂತರೆ ಎರಡೂ ಸೇರಿ 10 ಕಿಲೋಮೀಟರ್ ಆಗಬೇಕು. ಮನೆ, ಮರ, ಏರುತಗ್ಗುಗಳ ನಡುವೆ ವಾಸ್ತವದಲ್ಲಿ ಇದು ಎರಡು ಮೂರು ಕಿಲೋಮೀಟರಿಗೆ ಇಳಿಯಬಹುದು. ಸೆಟ್ಟಿನ ಶಕ್ತಿಯನ್ನು ಹೆಚ್ಚಿಸಿದರೂ ಗುಡ್ಡದ ನೆರಳು ಹೋಗುವುದಿಲ್ಲ. ಇಲ್ಲಿ ಬೇಕಾದುದು ಎತ್ತರ.

ಈಗ ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದ ಗುಡ್ಡದ ಮೇಲೆ ಒಂದು ಆಂಟೆನಾ ಇದೆ ಎಂದು ಭಾವಿಸೋಣ. ಅದರ ದಿಗಂತ 41 ಕಿಲೋಮೀಟರ್. ಕೆಳಗಿನ ಮನುಷ್ಯನ 5 ಕಿಲೋಮೀಟರ್ ಸೇರಿಸಿದರೆ 46. ಗುಡ್ಡದ ಒಂದು ಬದಿಯವನಿಗೂ ಇನ್ನೊಂದು ಬದಿಯವನಿಗೂ ಆ ಆಂಟೆನಾ ಕಾಣುವುದರಿಂದ, ಒಬ್ಬರಿಗೊಬ್ಬರು ಎಂದೂ ಕೇಳಿಸದಿದ್ದವರು ಗುಡ್ಡದ ಮೂಲಕ ಮಾತನಾಡಬಲ್ಲರು.

ಒಂದೇ ವೇಳೆಗೆ ಕೇಳುವುದು ಮತ್ತು ಹೇಳುವುದು

ಗ್ರಾಮಸಭೆಯಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದಾಗ ಏನಾಗುತ್ತದೆಂದು ತಮಗೆ ಗೊತ್ತಿದೆ. ಧ್ವನಿವರ್ಧಕದಿಂದ ಬಂದ ಸದ್ದು ಮತ್ತೆ ಮೈಕನ್ನು ಹೊಕ್ಕು, ಮತ್ತೆ ದೊಡ್ಡದಾಗಿ ಹೊರಬಂದು, ಕಿವಿಗಡಚಿಕ್ಕುವ ಕೀರಲು ಏಳುತ್ತದೆ. ರಿಪೀಟರ್ ಕೂಡ ತಾನು ಕೇಳುವ ಕಂಪನಾಂಕದಲ್ಲಿಯೇ ಮಾತನಾಡಿದರೆ ತನ್ನ ದನಿಯನ್ನು ತಾನೇ ಕೇಳಿಕೊಂಡು ಕಂಗೆಡುತ್ತದೆ. ಆದುದರಿಂದ ಅದಕ್ಕೆ ಎರಡು ಕಂಪನಾಂಕಗಳನ್ನು ಕೊಡುತ್ತಾರೆ. ಉದಾಹರಣೆಗೆ, ಅದು 145.000 ಮೆಗಾಹರ್ಟ್ಸ್‌ನಲ್ಲಿ ಕೇಳಿ 145.600ರಲ್ಲಿ ಮಾತನಾಡುತ್ತದೆ. ಈ ಪಟ್ಟಿಯಲ್ಲಿ ಎರಡರ ನಡುವಿನ ಅಂತರ ವಾಡಿಕೆಯಂತೆ 0.6 ಮೆಗಾಹರ್ಟ್ಸ್, ಅಂದರೆ 600 ಕಿಲೋಹರ್ಟ್ಸ್. ನಮ್ಮ ಕೈಯ ಸೆಟ್ಟು ಇದಕ್ಕೆ ತದ್ವಿರುದ್ಧವಾಗಿರಬೇಕು: ಮಾತನಾಡುವಾಗ 145.000, ಕೇಳುವಾಗ 145.600. ಒಮ್ಮೆ ಹೊಂದಿಸಿಟ್ಟರೆ ಗುಂಡಿ ಒತ್ತಿದಾಗಲೆಲ್ಲ ಸೆಟ್ಟೇ ಅದಲುಬದಲು ಮಾಡಿಕೊಳ್ಳುತ್ತದೆ.

ಎರಡು ಕಂಪನಾಂಕಗಳಾದ ಮಾತ್ರಕ್ಕೆ ಸಮಸ್ಯೆ ಮುಗಿಯಲಿಲ್ಲ. ರಿಪೀಟರ್ ಹೊರಡಿಸುವ ಶಕ್ತಿ 25 ವ್ಯಾಟ್ ಎಂದಿಟ್ಟುಕೊಳ್ಳಿ. ಅದೇ ವೇಳೆ ಅದು ಕೇಳಿಸಿಕೊಳ್ಳಬೇಕಾದ ದೂರದ ಸೆಟ್ಟಿನ ಸಂಕೇತವು ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಡೊಳ್ಳು ಬಾರಿಸುತ್ತಲೇ ಪಕ್ಕದವರ ಪಿಸುಮಾತನ್ನು ಕೇಳಬೇಕಾದ ಪರಿಸ್ಥಿತಿ ಇದು. ಇದಕ್ಕಾಗಿ ಡ್ಯೂಪ್ಲೆಕ್ಸರ್ ಎಂಬ ಸಾಧನವನ್ನು ಅಳವಡಿಸುತ್ತಾರೆ. ಒಳಗೆ ಟೊಳ್ಳಾದ, ಎತ್ತರದ ಡಬ್ಬಿಗಳಂತಹ ಲೋಹದ ಕೊಳವೆಗಳ ಸಾಲು ಅದು. ಒಂದೊಂದು ಕೊಳವೆಯನ್ನೂ ಒಂದು ಕಂಪನಾಂಕಕ್ಕೆ ಶ್ರುತಿಗೊಳಿಸಿರುತ್ತಾರೆ. ಜರಡಿಯು ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುವಂತೆ ಇದು ಒಳಬರುವ ಸಂಕೇತವನ್ನು ಹೊರಹೋಗುವ ಸಂಕೇತದಿಂದ ಬೇರ್ಪಡಿಸುತ್ತದೆ. ಹೀಗಾಗಿ ಒಂದೇ ಆಂಟೆನಾ ಎರಡೂ ಕೆಲಸಗಳಿಗೆ ಸಾಕಾಗುತ್ತದೆ. ರಿಪೀಟರಿನ ಬಹುಪಾಲು ಸೂಕ್ಷ್ಮತೆ ಈ ಕೊಳವೆಗಳಲ್ಲಿದೆ. ತಿಳಿಯದವರು ಅದರ ತಿರುಪು ಮುಟ್ಟಿದರೆ ಶ್ರುತಿ ಕೆಡುತ್ತದೆ.

ಇನ್ನೆರಡು ಏರ್ಪಾಡುಗಳನ್ನು ತಿಳಿದಿರಬೇಕು. ಮೊದಲನೆಯದು ಗುರುತಿನ ನಾದ. ಗಾಳಿಯಲ್ಲಿರುವ ಪ್ರತಿಯೊಂದು ಗೊರಗೊರ ಸದ್ದಿಗೂ ರಿಪೀಟರ್ ಬಾಯಿ ತೆರೆಯಬಾರದು. ಆದ್ದರಿಂದ ಸೆಟ್ಟು ನಮ್ಮ ಮಾತಿನ ಜೊತೆಗೆ ಒಂದು ಮಂದ್ರ ನಾದವನ್ನೂ ಸದಾ ಕಳುಹಿಸುತ್ತದೆ. 88.5 ಹರ್ಟ್ಸ್ ಅಂತಹ ಒಂದು ನಾದ. ಕೇಳುಗರಿಗೆ ಅದು ಕೇಳಿಸುವುದಿಲ್ಲ; ರಿಪೀಟರಿಗೆ ಕೇಳಿಸುತ್ತದೆ. ಆ ನಾದವಿದ್ದರೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ಎರಡನೆಯದು ಕಾಲಮಿತಿ. ಯಾರದಾದರೂ ಸೆಟ್ಟಿನ ಗುಂಡಿ ಒತ್ತಿಕೊಂಡೇ ಉಳಿದರೆ ಇಡೀ ಜಾಲ ಮೂಕವಾಗುತ್ತದೆ. ಆದಕಾರಣ ಕೆಲವು ನಿಮಿಷಗಳ ಬಳಿಕ ರಿಪೀಟರ್ ತಾನಾಗಿಯೇ ಪ್ರಸಾರ ನಿಲ್ಲಿಸಿಬಿಡುತ್ತದೆ.

ನಮ್ಮ ನೆಲದ ಲೆಕ್ಕ

ಈ ವಿಚಾರವನ್ನು ನಮ್ಮ ನಕ್ಷೆಗೆ ಅನ್ವಯಿಸಿ ನೋಡೋಣ. ಸವದತ್ತಿಯಿಂದ ನೇರ ಗೆರೆ ಎಳೆದರೆ ಬೈಲಹೊಂಗಲ ಮತ್ತು ರಾಮದುರ್ಗ ಎರಡೂ 30 ಕಿಲೋಮೀಟರಿನ ಒಳಗಿವೆ. ಕಿತ್ತೂರು ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಸವದತ್ತಿಯ ಸುತ್ತಲಿನ ಗುಡ್ಡಸಾಲು ನಾಲ್ಕೂ ತಾಲ್ಲೂಕುಗಳಿಗೆ ನಡುಮನೆಯಂತಿದೆ. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದ ಆಂಟೆನಾ ಅಲ್ಲಿದ್ದರೆ 46 ಕಿಲೋಮೀಟರಿನ ಲೆಕ್ಕದೊಳಗೆ ಎಲ್ಲ ತಾಲ್ಲೂಕು ಕೇಂದ್ರಗಳೂ ಬರುತ್ತವೆ.

ಆದರೆ ಲೆಕ್ಕ ಬೇರೆ, ನೆಲ ಬೇರೆ. ರಾಮದುರ್ಗವು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಅಲ್ಲಿ ನೆರಳಿನ ಕೇರಿಗಳು ಇದ್ದೇ ಇರುತ್ತವೆ. ಕಿತ್ತೂರು ಲೆಕ್ಕದ ಅಂಚಿನಲ್ಲಿದೆ. ಅಲ್ಲಿ ಕೈಯ ಸೆಟ್ಟು ಕೇಳಿಸದೆ ಹೋಗಬಹುದು. ಪಂಚಾಯಿತಿ ಕಟ್ಟಡದ ಮೇಲೆ 9 ಮೀಟರ್ ಎತ್ತರಕ್ಕೆ ಆಂಟೆನಾ ಏರಿಸಿದರೆ ಅದರ ದಿಗಂತ 12 ಕಿಲೋಮೀಟರಾಗಿ, ಒಟ್ಟು ಲೆಕ್ಕ 53ಕ್ಕೆ ಏರುತ್ತದೆ. ಆದುದರಿಂದ ನೀರಿಲ್ಲದ ದಿನಗಳಲ್ಲಿಯೇ ಸೆಟ್ಟು ಹಿಡಿದು ಊರೂರು ಸುತ್ತಿ, ಎಲ್ಲಿ ಕೇಳಿಸುತ್ತದೆ ಎಲ್ಲಿ ಕೇಳಿಸುವುದಿಲ್ಲ ಎಂಬುದನ್ನು ನಕ್ಷೆಯ ಮೇಲೆ ಗುರುತಿಸುವುದು ಮೊದಲ ಕೆಲಸವಾಗಬೇಕು. ಶಾಲೆಯ ತಾರಸಿಯ ಮೇಲೆ ಕೇಳಿಸಿ ಅಂಗಳದಲ್ಲಿ ಕೇಳಿಸದಿದ್ದರೆ ಅದನ್ನೂ ಬರೆದಿಡಬೇಕು.

ವಿದ್ಯುತ್ತಿನ ಲೆಕ್ಕವೂ ಅಷ್ಟೇ ಮುಖ್ಯ. 25 ವ್ಯಾಟ್ ಶಕ್ತಿಯ ರಿಪೀಟರ್ ಪ್ರಸಾರ ಮಾಡುವಾಗ ಸುಮಾರು 6 ಆಂಪಿಯರ್, ಸುಮ್ಮನೆ ಕೇಳುತ್ತಿರುವಾಗ ಅರ್ಧ ಆಂಪಿಯರ್ ಸೆಳೆಯುತ್ತದೆ ಎಂದು ಹಿಡಿಯೋಣ. ಕಾಲು ಭಾಗ ಸಮಯ ಮಾತು, ಉಳಿದ ಸಮಯ ಮೌನ ಎಂದಾದರೆ ಸರಾಸರಿ ಎರಡು ಆಂಪಿಯರಿನಷ್ಟು ಬೇಕು. 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದು ಹಾಳಾಗುತ್ತದೆ. ಅರ್ಧದಷ್ಟು ಬಳಸಿದರೆ ಒಂದು ದಿನ ನಡೆಯುತ್ತದೆ. ನೆರೆ ಒಂದೇ ದಿನಕ್ಕೆ ಇಳಿಯುವುದಿಲ್ಲ. ಮೋಡ ಕವಿದ ದಿನಗಳಲ್ಲಿ ಸೌರಫಲಕವೂ ಸೊರಗುತ್ತದೆ. ಆದ್ದರಿಂದ ಎರಡನೆಯ ಬ್ಯಾಟರಿ ಅಲಂಕಾರವಲ್ಲ. ಮಾತನ್ನು ಚಿಕ್ಕದಾಗಿಸುವುದೂ ಬ್ಯಾಟರಿ ಉಳಿಸುವ ಉಪಾಯವೇ.

ಮಾತಿನ ಶಿಸ್ತು

ರಿಪೀಟರಿನ ಮೇಲೆ ಒಂದು ವೇಳೆಗೆ ಒಬ್ಬರು ಮಾತ್ರ ಮಾತನಾಡಬಹುದು, ಉಳಿದವರೆಲ್ಲರೂ ಕೇಳುತ್ತಾರೆ. ದೂರವಾಣಿಗೆ ಹೋಲಿಸಿದರೆ ಇದೊಂದು ಕೊರತೆಯಂತೆ ತೋರುತ್ತದೆ. ಆಪತ್ತಿನಲ್ಲಿ ಇದೇ ಅದರ ಗುಣ. ನವಿಲುತೀರ್ಥದ ಕಡೆಯಿಂದ ಒಮ್ಮೆ ಹೇಳಿದ ಮಾತನ್ನು ಮುನವಳ್ಳಿಯವರೂ ರಾಮದುರ್ಗದವರೂ ನಡುವಿನ ಊರಿನವರೂ ಏಕಕಾಲದಲ್ಲಿ ಕೇಳುತ್ತಾರೆ. ಹತ್ತು ಜನರಿಗೆ ಹತ್ತು ಕರೆ ಮಾಡಬೇಕಾಗಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಸುದ್ದಿ ಬೆಳೆಯುವುದೂ ಇಲ್ಲ.

ಎಲ್ಲರೂ ಕೇಳುತ್ತಾರೆಂಬುದನ್ನು ನೆನಪಿನಲ್ಲಿಟ್ಟು ಮಾತನಾಡಬೇಕು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಆರಂಭಿಸಬೇಕು. ಇಲ್ಲವಾದರೆ ರಿಪೀಟರ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರಗಳು ನುಂಗಿಹೋಗುತ್ತವೆ. ಕರೆಸಂಕೇತ ಹೇಳಿ, ಸಮಯ, ಸ್ಥಳ, ಕಂಡ ಸಂಗತಿ, ಬೇಕಾದ ನೆರವು, ಈ ಕ್ರಮದಲ್ಲಿ ಮುಗಿಸಬೇಕು. ‘ಬಹಳ ನೀರು ಬಂದಿದೆ, ಬೇಗ ಬನ್ನಿ’ ಎಂಬ ಮಾತಿನಿಂದ ಅಧಿಕಾರಿ ಯಾವ ನಿರ್ಧಾರವನ್ನೂ ಕೈಗೊಳ್ಳಲಾರರು. ‘ರಾತ್ರಿ 2 ಗಂಟೆ 10 ನಿಮಿಷ. ಸೇತುವೆಯ ಮೇಲೆ ಒಂದು ಅಡಿ ನೀರು. ಒಂದು ಗಂಟೆಯಲ್ಲಿ ಅರ್ಧ ಅಡಿ ಏರಿದೆ. ಶಾಲೆಯಲ್ಲಿ 64 ಜನ. ತುಂಬು ಗರ್ಭಿಣಿ ಒಬ್ಬರು. ದೋಣಿ ಬೇಕು’ ಎಂಬ ಮಾತಿನಿಂದ ಕೂಡಲೇ ಕೆಲಸ ಆರಂಭವಾಗುತ್ತದೆ. ಕೇಳಿದವರು ಅದನ್ನು ಬರೆದುಕೊಂಡು ತಿರುಗಿ ಓದಿ ಹೇಳಬೇಕು. ವ್ಯಕ್ತಿಗಳ ಹೆಸರು, ಅವರ ಕಾಯಿಲೆಯ ವಿವರಗಳನ್ನು ಅನಿವಾರ್ಯವಲ್ಲದೆ ಉಚ್ಚರಿಸಬಾರದು.

ಕಾನೂನಿನ ಮಾತು

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿಗಳನ್ನು ತರಿಸಿ ಹವ್ಯಾಸಿ ಪಟ್ಟಿಯಲ್ಲಿ ಬಳಸಲು ಪಂಚಾಯಿತಿಗೆ ಅಧಿಕಾರವಿಲ್ಲ. ಹವ್ಯಾಸಿ ಪಟ್ಟಿಯಲ್ಲಿ ಮಾತನಾಡಲು ವ್ಯಕ್ತಿಯು ಪರೀಕ್ಷೆ ಬರೆದು ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದಿರಬೇಕು. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡು ದರ್ಜೆಗಳಿವೆ. ಎರಡಕ್ಕೂ ರೇಡಿಯೊ ತತ್ತ್ವ ಹಾಗೂ ನಿಯಮಗಳ ಜ್ಞಾನ ಬೇಕು. ಮೋರ್ಸ್ ಸಂಕೇತದ ಪರೀಕ್ಷೆ ಜನರಲ್ ದರ್ಜೆಗೆ ಮಾತ್ರ. ಅರ್ಜಿಯನ್ನು ಇಲಾಖೆಯ ಸರಳ ಸಂಚಾರ ಪೋರ್ಟಲ್ ಮೂಲಕ ಸಲ್ಲಿಸಬೇಕು. ಪರವಾನಗಿ ದೊರೆತವರಿಗೆ ವಿಯು2 ಅಥವಾ ವಿಯು3 ಎಂದು ಆರಂಭವಾಗುವ ಕರೆಸಂಕೇತ ಸಿಗುತ್ತದೆ. ಗುಡ್ಡದ ಮೇಲೆ ರಿಪೀಟರ್ ನಿಲ್ಲಿಸಲು ಪ್ರತ್ಯೇಕ ಅನುಮತಿ ಬೇಕು, ಸ್ಥಳದ ಒಡೆತನವುಳ್ಳವರ ಒಪ್ಪಿಗೆಯೂ ಬೇಕು.

ಈ ರೇಡಿಯೊವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಗುಪ್ತಭಾಷೆಯಲ್ಲಿ ಮಾತನಾಡುವಂತಿಲ್ಲ. ಸಾಮಾನ್ಯ ದಿನಗಳಲ್ಲಿ ಪಂಚಾಯಿತಿಯ ಕಚೇರಿ ಕೆಲಸವನ್ನು ಇದರ ಮೇಲೆ ನಡೆಸುವಂತಿಲ್ಲ. ಆದರೆ ವಿಪತ್ತಿನಲ್ಲಿ ಸಾಮಾನ್ಯ ಸಂಪರ್ಕ ವ್ಯವಸ್ಥೆ ಕುಸಿದಾಗ, ಜಿಲ್ಲಾಧಿಕಾರಿಗಳು ಅಥವಾ ಅವರು ಅಧಿಕಾರ ನೀಡಿದವರು ಕೋರಿದರೆ, ಹವ್ಯಾಸಿಗಳು ಇತರರ ಸಂದೇಶಗಳನ್ನು ದಾಟಿಸಲು ನಿಯಮಗಳಲ್ಲಿ ಅವಕಾಶವಿದೆ. ಆದ್ದರಿಂದ ಜಿಲ್ಲಾಡಳಿತಕ್ಕೆ ನಮ್ಮ ಭಾಗದ ಪರವಾನಗಿದಾರರು ಯಾರೆಂಬುದು ಮೊದಲೇ ತಿಳಿದಿರಬೇಕು.

ಬೇರೆಡೆಯ ಅನುಭವ

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರಿನಲ್ಲಿತ್ತು. ಅವರು ಹೋಗಿದ್ದುದು ತಮ್ಮ ಹವ್ಯಾಸಕ್ಕಾಗಿ. ದ್ವೀಪಗಳ ಸಂಪರ್ಕ ಕಡಿದಾಗ ಅದೇ ಸೆಟ್ಟುಗಳಿಂದ ಅವರು ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದರು. ಅಷ್ಟು ದೂರದ ಮಾತಿಗೆ ಅವರು ಆಕಾಶದ ಮೇಲ್ಪದರದಿಂದ ಪ್ರತಿಫಲಿಸುವ ಹ್ರಸ್ವ ತರಂಗಗಳನ್ನು ಬಳಸಿದರು; ಅದಕ್ಕೆ ರಿಪೀಟರ್ ಬೇಕಾಗಿರಲಿಲ್ಲ. ಸಿದ್ಧರಿದ್ದ ಮನುಷ್ಯರು ಅಲ್ಲಿದ್ದುದೇ ಮುಖ್ಯವಾಯಿತು.

ಎತ್ತರದ ತತ್ತ್ವಕ್ಕೆ ಇನ್ನೊಂದು ನಿದರ್ಶನ ನಮ್ಮ ಇಸ್ರೊ ಸಂಸ್ಥೆಯದು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆಗೆ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. ಹವ್ಯಾಸಿಗಳು 435 ಮೆಗಾಹರ್ಟ್ಸ್ ಸುಮಾರಿನಲ್ಲಿ ಕಳುಹಿಸಿದ್ದನ್ನು ಅದು 145 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೆಳಗೆ ಕಳುಹಿಸುತ್ತಿತ್ತು. ಗುಡ್ಡದ ಮೇಲೆ ಇರಬೇಕಾದದ್ದನ್ನು ಆಕಾಶದಲ್ಲಿಯೇ ಇರಿಸಿದಂತಾಯಿತು. 2014ರವರೆಗೆ ಅದು ಸೇವೆ ಸಲ್ಲಿಸಿತು.

ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಮೊದಲಾದ ಸಂಸ್ಥೆಗಳಿವೆ. ಆಸಕ್ತ ಯುವಕ ಯುವತಿಯರು ಪರೀಕ್ಷೆಯ ಸಿದ್ಧತೆಗೆ ಅಂತಹವರನ್ನು ಸಂಪರ್ಕಿಸಬಹುದು.

ರಿಪೀಟರೂ ಒಂದು ಯಂತ್ರವೇ. ಸಿಡಿಲು ಬಡಿಯಬಹುದು, ಬ್ಯಾಟರಿ ಬರಿದಾಗಬಹುದು. ಆಗ ಸೆಟ್ಟುಗಳು ಒಂದೇ ಕಂಪನಾಂಕದಲ್ಲಿ ನೇರವಾಗಿ ಒಂದರೊಡನೊಂದು ಮಾತನಾಡಬೇಕು. ದೂರ ಕಡಿಮೆಯಾಗುತ್ತದೆ, ನಡುವಿನ ಊರಿನವರು ಕೇಳಿದ್ದನ್ನು ಮುಂದಿನ ಊರಿಗೆ ಹೇಳುತ್ತ ಹೋಗಬೇಕು. ಯಂತ್ರ ನಿಂತಾಗ ಮನುಷ್ಯನೇ ರಿಪೀಟರ್ ಆಗುತ್ತಾನೆ. ಯಾವ ಕಂಪನಾಂಕಕ್ಕೆ ಹೋಗಬೇಕು, ಯಾರ ನಂತರ ಯಾರು ಎಂಬುದು ಬೇಸಿಗೆಯಲ್ಲಿಯೇ ತೀರ್ಮಾನವಾಗಿರಬೇಕು.

ತಮ್ಮಲ್ಲಿ ಕೋರಿಕೆ

ಪಂಚಾಯಿತಿಯ ಹಣದಿಂದ ಯಂತ್ರ ಕೊಳ್ಳಿರಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ವಿಷಯಗಳನ್ನು ಚರ್ಚಿಸಿ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.

ಒಂದು, ಪ್ರತಿ ಪಂಚಾಯಿತಿಯಿಂದ ಪರೀಕ್ಷೆಗೆ ಸಿದ್ಧರಾಗಬಲ್ಲ ಇಬ್ಬರನ್ನು ಗುರುತಿಸುವುದು. ಅವರಲ್ಲೊಬ್ಬರು ಮಹಿಳೆಯಾಗಿದ್ದರೆ ಉತ್ತಮ. ಐಟಿಐ, ಡಿಪ್ಲೊಮಾ, ವಿಜ್ಞಾನ ವಿಭಾಗದ ಪಿಯುಸಿ ಓದಿದವರು ನಮ್ಮ ಊರುಗಳಲ್ಲಿ ಸಾಕಷ್ಟಿದ್ದಾರೆ. ಕೆಲಸ ಹುಡುಕಿಕೊಂಡು ಊರು ಬಿಡುವವರಿಗಿಂತ ಊರಿನಲ್ಲಿಯೇ ನೆಲೆ ನಿಂತವರನ್ನು ಆರಿಸುವುದು ಒಳ್ಳೆಯದು.

ಎರಡು, ನೀರಿನ ಮಟ್ಟವನ್ನು ಅಳೆಯುವ ಜಾಗಗಳನ್ನು ನಿಗದಿಪಡಿಸುವುದು. ಸೇತುವೆಯ ಕಂಬಕ್ಕೆ ಅಡಿಗಳ ಗುರುತು ಬಳಿಸಿದರೆ ನೀರಗಂಟಿಯೂ ಸರಿಯಾದ ಅಂಕಿ ಹೇಳಬಲ್ಲನು. ಅಂಕಿಯಿಲ್ಲದ ಸುದ್ದಿಯನ್ನು ಎಷ್ಟು ದೂರ ಕಳುಹಿಸಿದರೂ ಉಪಯೋಗ ಕಡಿಮೆ.

ಮೂರು, ಸಂದೇಶ ಪುಸ್ತಕವೊಂದನ್ನು ಇಡುವುದು. ಬಂದ ಸಂದೇಶ, ಸಮಯ, ಹೇಳಿದವರು, ಕೇಳಿದವರು, ಯಾರಿಗೆ ತಲುಪಿಸಲಾಯಿತು ಎಂಬ ಐದು ಕಲಮುಗಳು ಸಾಕು. ಈ ಪುಸ್ತಕಕ್ಕೆ ಯಾವ ಪರವಾನಗಿಯೂ ಬೇಡ. ದೂರವಾಣಿ ಸರಿಯಿರುವಾಗಲೂ ಅದು ಉಪಯೋಗಕ್ಕೆ ಬರುತ್ತದೆ. ನಾಳೆಯಿಂದಲೇ ಆರಂಭಿಸಬಹುದು.

ಈ ಮೂರರ ಕುರಿತು ತಾವು ಕೈಗೊಳ್ಳುವ ನಿರ್ಣಯದ ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಕಳುಹಿಸಿದರೆ ನಾಲ್ಕೂ ತಾಲ್ಲೂಕುಗಳ ಹೆಸರುಗಳು ಒಂದೇ ಪಟ್ಟಿಯಲ್ಲಿ ಸೇರಿ ಜಿಲ್ಲಾಡಳಿತದ ಕೈ ಸೇರುತ್ತವೆ. ಮಲಪ್ರಭೆಯ ನೀರು ತಾಲ್ಲೂಕಿನ ಗಡಿ ಕೇಳಿ ಹರಿಯುವುದಿಲ್ಲ. ನಮ್ಮ ಸುದ್ದಿಯೂ ಗಡಿಯಲ್ಲಿ ನಿಲ್ಲಬಾರದು.